ಅಂಗಳದಲ್ಲಿ ಎರಡನೆಯ ಗಾಡಿ



ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಮನೆಗಳಲ್ಲಿ ಈಗೊಂದು ವಾಡಿಕೆ ಬೆಳೆಯುತ್ತಿದೆ. ಹೊಲಕ್ಕೆ, ಸಂತೆಗೆ, ಹಾಲು ಹಾಕಲು ಒಂದು ಹಳೆಯ ಗಾಡಿ. ಅದಕ್ಕೆ ಕೆಸರು ಹತ್ತಿದರೂ ಯಾರಿಗೂ ಬೇಸರವಿಲ್ಲ, ದೀಪ ಒಡೆದರೂ ಚಿಂತೆಯಿಲ್ಲ. ಅದರ ಪಕ್ಕದಲ್ಲಿ ಮುಸುಕು ಹೊದ್ದು ನಿಂತಿರುವುದು ಎರಡನೆಯ ಗಾಡಿ. ಅದು ಹೊರಗೆ ಬರುವುದು ಭಾನುವಾರ, ಹಬ್ಬ, ಮದುವೆಗಳಿಗೆ ಮಾತ್ರ. ಕೆಲವರಿಗೆ ಅದು ಕಾರು, ಕೆಲವರಿಗೆ ದೊಡ್ಡ ಬೈಕು, ನೌಕರಿಯಲ್ಲಿರುವ ಕೆಲವರ ಮಕ್ಕಳಿಗೆ ದಪ್ಪ ಟೈರಿನ ಗೇರ್ ಸೈಕಲ್ಲು. ಪವಿತ್ರ ಜಲ ಪ್ರೋಕ್ಷಿಸಿ ಎಂದು ದೇವಾಲಯದ ಅಂಗಳಕ್ಕೆ ತರುವುದೂ ಇದನ್ನೇ. ದಿನವೂ ಹೊತ್ತು ತಿರುಗುವ ಆ ಹಳೆಯ ಗಾಡಿಗೆ ಆಶೀರ್ವಾದ ಕೇಳಿದವರನ್ನು ನಾನಿನ್ನೂ ಕಂಡಿಲ್ಲ!

ಇತ್ತೀಚೆಗೆ ಒಬ್ಬ ತಾಯಿ ಕೇಳಿದರು: "ಫಾದರ್, ಮಗ ಬೈಕ್ ಕೊಡಿಸು ಅಂತ ಹಟ ಹಿಡಿದಾನ. ಮನ್ಯಾಗ ಒಂದು ಗಾಡಿ ಐತಿ. ಅದು ದುಡಿಯಾಕ, ಇದು ನಾಲ್ಕು ಮಂದಿ ನೋಡಾಕ ಅಂತಾನ. ಮಂದಿ ನೋಡ್ಲಿ ಅಂತ ಆಸೆಪಡೋದು ಪಾಪ ಏನ್ರಿ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಪ್ರಶ್ನೆ ಇದಲ್ಲ. ಆದ್ದರಿಂದ ಈ ವಾರ ಇದನ್ನೇ ಅಧ್ಯಯನಕ್ಕೆ ಎತ್ತಿಕೊಳ್ಳೋಣ.

ಮೊದಲಿಗೆ, ಎರಡನೆಯ ಗಾಡಿ ಹೊಸದೇನೂ ಅಲ್ಲ. ಅಜ್ಜಂದಿರ ಕಾಲದಲ್ಲಿ ಗೊಬ್ಬರ, ಕಣಕಿ ಹೇರಲು ಒಂದು ಬಂಡಿಯಿದ್ದರೆ, ಉಳ್ಳವರ ಮನೆಯಲ್ಲಿ ಬೀಗರೂರಿಗೂ ಜಾತ್ರೆಗೂ ಹೋಗಲು ಹಗುರವಾದ ಸವಾರಿ ಬಂಡಿ ಬೇರೆ ಇರುತ್ತಿತ್ತು. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಗೆ ಇಂದಿಗೂ ಎತ್ತಿನ ಬಂಡಿಗಳು ಬರುತ್ತವೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ. ಯಜಮಾನ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ಜನ ಹೆಚ್ಚಿರುವ ಕಡೆಯಿಂದಲೇ ಬಂಡಿ ಹೊಡೆಯುತ್ತಾನೆ. ಇದು ಪ್ರದರ್ಶನವಲ್ಲದೆ ಮತ್ತೇನು? ಆದರೂ ಅದನ್ನು ಕಂಡು ಯಾರ ಮನಸ್ಸೂ ಕಹಿಯಾಗುವುದಿಲ್ಲ. ವರ್ಷವೆಲ್ಲ ಸಾಕಿದ ಎತ್ತು ಅದು. ಬಂಡಿಯೊಳಗೆ ಅಜ್ಜಿ, ಸೊಸೆ, ಮೊಮ್ಮಕ್ಕಳು, ರೊಟ್ಟಿಯ ಗಂಟು, ನಡುವೆ ದಾರಿಯಲ್ಲಿ ಹತ್ತಿಸಿಕೊಂಡ ನೆರೆಯೂರಿನವರು. ತುಂಬಿದ ಬಂಡಿ ಅದು.

ಮಾನ್ಯತೆ ಬಯಸುವುದರ ಬಗ್ಗೆ ಸಂತ ತೋಮಸ್ ಅಕ್ವಿನಾಸರು 'ಸುಮ್ಮಾ ಥಿಯೊಲೊಜಿಯೆ' ಗ್ರಂಥದಲ್ಲಿ ಒಂದು ಪ್ರಶ್ನೆಯನ್ನೇ ಮೀಸಲಿಟ್ಟಿದ್ದಾರೆ. ತನ್ನಲ್ಲಿರುವ ಒಳಿತನ್ನು ನಾಲ್ವರು ಅರಿತು ಮೆಚ್ಚಲಿ ಎಂದು ಬಯಸುವುದು ತನ್ನಷ್ಟಕ್ಕೆ ಪಾಪವಲ್ಲ ಎಂಬುದು ಅವರ ವಾದ. ಮೂರು ಸಂದರ್ಭಗಳಲ್ಲಿ ಮಾತ್ರ ಆ ಕೀರ್ತಿ ಪೊಳ್ಳಾಗುತ್ತದೆ: ಕೀರ್ತಿಗೆ ಕಾರಣವಾದ ವಸ್ತುವೇ ಪೊಳ್ಳಾಗಿದ್ದಾಗ, ಮೆಚ್ಚುವವರ ತೀರ್ಪಿಗೆ ನೆಲೆಯಿಲ್ಲದಿದ್ದಾಗ, ಆ ಕೀರ್ತಿ ದೇವರ ಮಹಿಮೆಗಾಗಲಿ ನೆರೆಯವನ ಹಿತಕ್ಕಾಗಲಿ ಸಲ್ಲದಿದ್ದಾಗ.

ಹದಿಮೂರನೆಯ ಶತಮಾನದ ಈ ಮಾತು ನಮ್ಮ ಬಸ್ ನಿಲ್ದಾಣದ ಎದುರಿಗೆ ನಿಲ್ಲುವ ಬೈಕುಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಅಂಗಡಿಯಿಂದ ಹೊರಬಿದ್ದ ದಿನವೇ ಗಾಡಿಯ ಬೆಲೆ ಇಳಿಯುತ್ತದೆ. ಇಂದು ಮೆಚ್ಚಿದ ಗೆಳೆಯರು ನಾಳೆ ಇನ್ನೊಂದು ಗಾಡಿಯ ಸುತ್ತ ನಿಂತಿರುತ್ತಾರೆ. ಈ ಎರಡನ್ನೂ ಹುಡುಗರು ತಾವಾಗಿಯೇ ಕಲಿಯುತ್ತಾರೆ, ಗುರುಗಳು ಹೇಳಬೇಕಾಗಿಲ್ಲ. ಕಷ್ಟವಿರುವುದು ಮೂರನೆಯದರಲ್ಲಿ.

ಅದಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆ. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ" ಎಂಬ ಗಾದೆಯನ್ನು ಹೊಸ ಗಾಡಿ ಕಂಡಾಗಲೆಲ್ಲ ಉದುರಿಸುವವರಿದ್ದಾರೆ. ನನಗೆ ಈ ಗಾದೆಯ ಮೇಲೆ ಅಷ್ಟು ಪ್ರೀತಿಯಿಲ್ಲ. ಅದನ್ನು ಹೇಳುವವರು ಹೆಚ್ಚಾಗಿ ಹುಟ್ಟಿನಿಂದಲೇ ಕೊಡೆ ಹಿಡಿದವರು. ದಲಿತರು ಮೇಲ್ಜಾತಿಯವರ ಬೀದಿಯಲ್ಲಿ ಸೈಕಲ್ಲಿನಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಊರುಗಳು ನಮ್ಮ ನಾಡಿನಲ್ಲಿದ್ದವು. ಅಂಥ ಮನೆಯ ಮೊಮ್ಮಗ ಅದೇ ಬೀದಿಯಲ್ಲಿ ಬೈಕಿನ ಮೇಲೆ ತಲೆಯೆತ್ತಿ ಹೋದರೆ ಅದನ್ನು ಬರೀ ಜಂಬ ಎಂದು ತಳ್ಳಿಹಾಕುವುದು ಅನ್ಯಾಯ. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳು ಬೇಕೆಂದೇ ಗಂಟೆ ಬಾರಿಸುತ್ತಾ ಓಣಿ ಸುತ್ತಿದರೆ, ಅದೂ ಪ್ರದರ್ಶನವೇ. ಅಲ್ಲಿ ತೋರಿಸಿದ್ದು ಕಬ್ಬಿಣವನ್ನಲ್ಲ. 'ನಾನೂ ಹೋಗಬಲ್ಲೆ' ಎಂಬುದನ್ನು. ಸಂತ ತೋಮಸರ ಮಾತಿನಲ್ಲಿ ಹೇಳಬೇಕಾದರೆ ಇಲ್ಲಿ ಕೀರ್ತಿಗೆ ಕಾರಣವಾದ ವಸ್ತು ಪೊಳ್ಳಲ್ಲ, ಅದು ಮಾನವ ಘನತೆ.

ಇನ್ನು ಮೂರನೆಯದು: ಈ ತೋರಿಕೆ ಯಾರಿಗಾಗಿ? ಬಳ್ಳಾರಿ ಸೀಮೆಯವರಾದ ನಮಗೆ ಇದನ್ನು ಕಲಿಸಿದ್ದು ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಸಂಡೂರು, ಹೊಸಪೇಟೆಯ ಅದಿರಿಗೆ ಚಿನ್ನದ ಬೆಲೆ ಬಂದಾಗ ನಮ್ಮ ಹೆದ್ದಾರಿಯಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ರಸ್ತೆಯ ಪಕ್ಕದ ಗಿಡಗಳೆಲ್ಲ ಕೆಂಪಾಗಿದ್ದವು. ಜಮೀನು ಅಡವಿಟ್ಟು ಲಾರಿ ಕೊಂಡವರು, ಲಾರಿಯ ಲಾಭ ನಂಬಿ ಕಾರು ಕೊಂಡವರು, ಕಾರು ಕೊಂಡ ನೆರೆಯವನನ್ನು ನೋಡಿ ಇನ್ನೂ ದೊಡ್ಡ ಕಾರು ಕೊಂಡವರು ಎಷ್ಟೋ ಮಂದಿ. ಹಣವುಳ್ಳವರ ಅಂಗಳ ಕಾರುಗಳ ಸಂತೆಯಾಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಷರತ್ತು, ಮಿತಿಗಳೊಂದಿಗೆ ಗಣಿಗಳನ್ನು ಮತ್ತೆ ತೆರೆಯಲು 2013ರ ಏಪ್ರಿಲ್‌ನಲ್ಲಿ ಕೋರ್ಟು ದಾರಿ ಮಾಡಿಕೊಡುವಷ್ಟರಲ್ಲಿ ಸಾಲ ಕೊಟ್ಟವರು ಎಳೆದೊಯ್ದ ಗಾಡಿಗಳಿಗೆ ಲೆಕ್ಕವಿರಲಿಲ್ಲ. ದುಡಿಯುವ ಗಾಡಿಯೂ ಹೋಯಿತು, ತೋರಿಸುವ ಗಾಡಿಯೂ ಹೋಯಿತು. ಅಡವಿಟ್ಟ ಹೊಲ ಮಾತ್ರ ಇಂದಿಗೂ ಕೆಲವರ ಕೈಗೆ ಬಂದಿಲ್ಲ.

ಪವಿತ್ರ ಬೈಬಲ್ ಗ್ರಂಥದಲ್ಲಿಯೂ ಇಂಥ ಗಾಡಿಗಳಿವೆ. ದಾವೀದ ಅರಸನ ಮಗ ಅಬ್ಷಾಲೋಮ ಒಂದು ರಥವನ್ನೂ ಕುದುರೆಗಳನ್ನೂ ಇಟ್ಟುಕೊಂಡು, ಮುಂದೆ ಓಡಲು ಐವತ್ತು ಜನರನ್ನು ನೇಮಿಸಿಕೊಂಡ ಎಂದು ಸಮುವೇಲನ ಎರಡನೆಯ ಗ್ರಂಥದ 15ನೆಯ ಅಧ್ಯಾಯ ಹೇಳುತ್ತದೆ. ರಥಕ್ಕೆ ಓಟಗಾರರು ಬೇಕಾಗಿರಲಿಲ್ಲ, ನೋಡುವವರಿಗೆ ಬೇಕಾಗಿತ್ತು. ಕೊನೆಗೆ ತಂದೆಯ ವಿರುದ್ಧವೇ ದಂಗೆಯೆದ್ದು ಸೋತಾಗ, ಅವನ ತಲೆ ಮರದ ಕೊಂಬೆಗೆ ಸಿಕ್ಕಿ, ಏರಿದ್ದ ಹೇಸರಗತ್ತೆ ಅವನನ್ನು ಅಲ್ಲೇ ಬಿಟ್ಟು ಮುಂದೆ ಹೋಯಿತು. ಅಷ್ಟಾದ ಮೇಲೂ ತಮ್ಮ ಅದೋನೀಯ ಅದನ್ನೇ ಮಾಡಿದ: ರಥ, ರಾಹುತರು, ಮುಂದೆ ಓಡಲು ಅದೇ ಐವತ್ತು ಜನ! ಅರಸರ ಮೊದಲನೆಯ ಗ್ರಂಥದ ಮೊದಲ ಅಧ್ಯಾಯದಲ್ಲಿ ಇದನ್ನು ಹೇಳಿದ ಕೂಡಲೇ ಇನ್ನೊಂದು ಸಂಗತಿಯನ್ನು ಸೇರಿಸಲಾಗಿದೆ. ಹೀಗೇಕೆ ಮಾಡಿದೆ ಎಂದು ತಂದೆ ಆ ಮಗನನ್ನು ಒಮ್ಮೆಯೂ ಕೇಳಿ ನೋಯಿಸಿರಲಿಲ್ಲವಂತೆ. ಗೊಲ್ಯಾತನ ಎದುರು ನಿಂತ ದಾವೀದನಿಗೆ ಮಗನ ಎದುರು ಬಾಯಿ ಬರಲಿಲ್ಲ. ತಂದೆಯಂದಿರು ಈ ವಾಕ್ಯವನ್ನು ಮನೆಯಲ್ಲಿ ನಿಧಾನವಾಗಿ ಓದಬೇಕು.

ಇದಕ್ಕೆ ಎದುರಾದ ಇನ್ನೊಂದು ರಥ ಪ್ರೇಷಿತರ ಕಾರ್ಯಕಲಾಪಗಳು 8ನೆಯ ಅಧ್ಯಾಯದಲ್ಲಿದೆ. ಇಥಿಯೋಪಿಯದ ರಾಣಿಯ ಖಜಾನೆಯ ಅಧಿಕಾರಿ ಜೆರುಸಲೇಮಿನಿಂದ ಮರಳುತ್ತಿದ್ದಾನೆ. ಆ ಕಾಲಕ್ಕೆ ಅಂಥ ರಥವೆಂದರೆ ಇಂದಿನ ಅತಿ ದುಬಾರಿ ಕಾರು. ಅದರ ಪಕ್ಕದಲ್ಲಿ ಧೂಳಿನಲ್ಲಿ ಫಿಲಿಪ್ಪ ಓಡುತ್ತಿದ್ದಾನೆ. ಅಬ್ಷಾಲೋಮನ ಮುಂದೆ ಐವತ್ತು ಜನ ಓಡಿದರು, ಒಬ್ಬನನ್ನೂ ಅವನು ಹತ್ತಿಸಿಕೊಂಡ ಸುದ್ದಿಯಿಲ್ಲ. ಈ ಅಧಿಕಾರಿಯಾದರೋ ಓಡಿಬಂದ ಅಪರಿಚಿತನನ್ನು ಮೇಲಕ್ಕೆ ಕರೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಆ ರಥ ಬೆಲೆಬಾಳುವಂಥದ್ದು ಎಂದು ಬೈಬಲ್ ಅವನನ್ನು ಎಲ್ಲಿಯೂ ಹೀಗಳೆಯುವುದಿಲ್ಲ. ಮೈಲಾರದ ದಾರಿಯ ತುಂಬಿದ ಬಂಡಿ ನೆನಪಾಗುವುದಿಲ್ಲವೇ? ನಮ್ಮ ಮುಸುಕಿನ ಗಾಡಿಗಳ ಹಿಂದಿನ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ವರ್ಷವಾದರೂ ತೆಗೆದಿರುವುದಿಲ್ಲ. ಹೆರಿಗೆ ನೋವೆಂದು ರಾತ್ರಿ ಬಾಗಿಲು ತಟ್ಟಿದರೆ ಹೊರಡುವುದು ಆ ಹಳೆಯ ಗಾಡಿಯೇ.

ಹಾಗೆಂದು ಗಾಡಿಯನ್ನು ಪ್ರೀತಿಸುವುದೇ ತಪ್ಪೆಂದು ಯಾರೂ ತಿಳಿಯಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಜೀವಂತವಾಗಿ ಉಳಿಸಿಕೊಂಡವರು ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಒಂದೆಡೆ ಸೇರುತ್ತಾರೆ. ಅವರಲ್ಲಿ ಹಲವರಿಗೆ ಇದು ಎರಡನೆಯ ಗಾಡಿಯೇ. ಕಚೇರಿಗೆ ಹೋಗಲು ಬೇರೆಯದಿರುತ್ತದೆ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಬಾಗಿಸಿ ಗೇರ್ ಹಾಕುವ ಬಗೆಯನ್ನು ತೋರಿಸುವಾಗ ಅವರ ಮುಖ ಅರಳುತ್ತದೆ. ಹಳೆಯ ಮೆಕ್ಯಾನಿಕ್ಕನ ಕೈಚಳಕ ಹೊಸ ಹುಡುಗನಿಗೆ ದಾಟುವುದು ಇಂಥ ಕಡೆಯೇ. ದುಬಾರಿ ಬೆಟ್ಟದ ಸೈಕಲ್ಲಿನ ಕಥೆಯೂ ಹೀಗೆಯೇ ಶುರುವಾಯಿತು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹಳೆಯ, ಭಾರದ ಸೈಕಲ್ಲುಗಳನ್ನು ಗುಡ್ಡದಿಂದ ಕೆಳಕ್ಕೆ ಬಿಡುತ್ತಿದ್ದರು. ಇಳಿದು ಮುಗಿಯುವಷ್ಟರಲ್ಲಿ ಬ್ರೇಕಿನ ಗ್ರೀಸು ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ತುಂಬಬೇಕಿತ್ತು. ಗುಜರಿಯಂಥ ಸೈಕಲ್ಲನ್ನು ತಾವೇ ಬಿಚ್ಚಿ ಕಟ್ಟಿದವರಿಂದ ಹುಟ್ಟಿದ ಗಾಡಿಯನ್ನು ಇಂದು ಚೈನಿಗೆ ಎಣ್ಣೆ ಹಾಕಲೂ ಬಾರದವರು ಲಕ್ಷ ಕೊಟ್ಟು ಕೊಳ್ಳುತ್ತಾರೆ. ಇರಲಿ.

ಸೈಕಲ್ಲಿನ ಮಾತು ಬಂದಾಗ ಇಟಲಿಯ ಜೀನೋ ಬಾರ್ತಾಲಿಯನ್ನು ಬಿಡುವಂತಿಲ್ಲ. 1938 ಮತ್ತು 1948ರಲ್ಲಿ 'ಟೂರ್ ದ ಫ್ರಾನ್ಸ್' ಗೆದ್ದ ಈತ ಕಾರ್ಮೆಲ್ ಸಭೆಯ ಮೂರನೆಯ ಶ್ರೇಣಿಗೆ ಸೇರಿದ ಗೃಹಸ್ಥ. 1943-44ರಲ್ಲಿ ಜರ್ಮನ್ ಸೇನೆ ಯೆಹೂದ್ಯರನ್ನು ಬೇಟೆಯಾಡುತ್ತಿದ್ದಾಗ ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರ ಕೋರಿಕೆಯಂತೆ, ಅಭ್ಯಾಸದ ನೆಪದಲ್ಲಿ ದೂರದೂರಕ್ಕೆ ಸೈಕಲ್ ತುಳಿದ. ಅಡಗಿದ್ದವರ ಜೀವ ಉಳಿಸುವ ಗುರುತು ಪತ್ರಗಳು ಆ ಸೈಕಲ್ಲಿನ ಕೊಳವೆಯೊಳಗಿದ್ದವು. ಅವನ ಹೆಸರಿನ ಖ್ಯಾತಿಯೇ ಅವನಿಗೆ ರಹದಾರಿಯಾಗಿತ್ತು. ಸಂತ ತೋಮಸರ ಮೂರನೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ನನಗೆ ತಿಳಿಯದು: ಕೀರ್ತಿ ನೆರೆಯವನ ಹಿತಕ್ಕೆ ಸಂದಿತು. ಗೆದ್ದ ಪದಕಗಳನ್ನು ಜಗತ್ತೆಲ್ಲ ಕಂಡಿತು. ಈ ಕೆಲಸದ ಬಗ್ಗೆ ಅವನು ಹೆಚ್ಚು ಬಾಯಿಬಿಡಲಿಲ್ಲ. 2000ದಲ್ಲಿ ತೀರಿಕೊಂಡ. 2013ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಅವನನ್ನು ಯೆಹೂದ್ಯರನ್ನು ಕಾಪಾಡಿದ ಸಜ್ಜನರ ಪಟ್ಟಿಗೆ ಸೇರಿಸಿತು.

ಈಗ ಆ ತಾಯಿಯ ಮನೆಯ ಲೆಕ್ಕ. ಇಂಥ ಲೆಕ್ಕವನ್ನು ಮಗನ ಕೈಗೇ ಪೆನ್ನು ಕೊಟ್ಟು ಮಾಡಿಸಬೇಕೆಂಬುದು ನನ್ನ ಸಲಹೆ. ಎರಡು ಲಕ್ಷದ ಬೈಕು; ಐವತ್ತು ಸಾವಿರ ಮುಂಗಡ; ಉಳಿದ ಒಂದೂವರೆ ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ಮೂರು ವರ್ಷದ ಕಂತು ಎಂದುಕೊಳ್ಳಿ. ತಿಂಗಳಿಗೆ ಸುಮಾರು 4,980 ರೂಪಾಯಿ ಕಟ್ಟಬೇಕು; ಬಡ್ಡಿಯೇ ಒಟ್ಟು 29,000 ದಾಟುತ್ತದೆ. ಭಾನುವಾರ ಮಾತ್ರ ಓಡುವ ಗಾಡಿಯಾದರೆ ತಿಂಗಳಿಗೆ ನಾಲ್ಕು ಸವಾರಿ. ಒಂದೊಂದು ಸವಾರಿಗೆ 1,200 ರೂಪಾಯಿಗೂ ಮೇಲೆ ಬಿತ್ತು, ಪೆಟ್ರೋಲು ಬೇರೆ. ಇನ್ನೊಂದು ತೊಡಕಿದೆ. ಮೆಕ್ಕೆಜೋಳ, ಶೇಂಗಾದ ದುಡ್ಡು ವರ್ಷಕ್ಕೆ ಒಂದೆರಡು ಸಲ ಬರುತ್ತದೆ, ಅದೂ ಮಳೆ ಬಂದರೆ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ನಡುವಿನ ತಿಂಗಳುಗಳ ಕಂತಿಗೆ ಕೈಸಾಲ, ಕೈಸಾಲಕ್ಕೆ ತಾಯಿಯ ಕಿವಿಯೋಲೆ. ಹುಡುಗ ಇದನ್ನು ಬರೆದು ಮುಗಿಸಲಿ. ಆಮೇಲೆ 'ಯಾರು ನೋಡಬೇಕೆಂದು ನಿನಗೆ ಆಸೆ?' ಎಂದು ತಂದೆ ಮೆಲ್ಲಗೆ ಕೇಳಲಿ. ಗದರಿಸಿ ಕೇಳಿದರೆ ಉತ್ತರ ಬರುವುದಿಲ್ಲ. ಕೆಲವೊಮ್ಮೆ ಅವಮಾನದ ಕಥೆಯೊಂದು ಹೊರಬರುತ್ತದೆ. ಕಾಲೇಜಿನಲ್ಲಿ ಯಾರೋ ಆಡಿಕೊಂಡದ್ದು, ಮದುವೆಮನೆಯಲ್ಲಿ ಯಾರೋ ಕಡೆಗಣಿಸಿದ್ದು. ಆ ಗಾಯಕ್ಕೆ ಬೈಕು ಮದ್ದಲ್ಲ. ಆದರೆ ಗಾಯ ಇರುವುದಂತೂ ನಿಜ, ಅದನ್ನು ಕೇಳಿಸಿಕೊಳ್ಳುವ ಕಿವಿ ಮನೆಯಲ್ಲಿರಬೇಕು.

ಹದಿನೆಂಟು ತುಂಬದ ಮಗನ ಕೈಗೆ ಬೈಕು ಕೊಟ್ಟು ಓಣಿಯಲ್ಲಿ ಹೆಮ್ಮೆಪಡುವ ತಂದೆಯಂದಿರಿಗೆ ಕಾನೂನನ್ನೇ ನೆನಪಿಸುತ್ತೇನೆ. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹೊಸ ಗಾಡಿಗಳ ಆಶೀರ್ವಾದಕ್ಕೆ ಬರುವವರು ಯಾವ ಭಾನುವಾರವಾದರೂ ಪೂಜೆಯ ನಂತರ ಬರಬಹುದು. ಮನೆಯ ಹಳೆಯ ಗಾಡಿಯನ್ನೂ ಜೊತೆಗೆ ತನ್ನಿ. ಹಿಂದಿನ ಸೀಟಿನ ಪ್ಲಾಸ್ಟಿಕ್ ಹಾಳೆ ತೆಗೆದಿರಲಿ. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಬೈಕಿನ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಗಿರುವುದರಿಂದ, ಬರುವಾಗ ಎರಡು ಹೆಲ್ಮೆಟ್ ಇರಲಿ.