ಪಂಜರದ ಗಿಳಿ ಯಾರ ಆಸ್ತಿ?

ಜಗಲಿಯಲ್ಲಿ ತೂಗುಹಾಕಿದ ಪಂಜರ, ಒಳಗೊಂದು ಹಸಿರು ಗಿಳಿ, ಗೇಟು ಸದ್ದಾದರೆ ಸಾಕು 'ಯಾರದು?' ಎಂದು ಕೂಗುವ ಅದರ ಠೀವಿ. ಇದು ಜೈಲಿಗೆ ಕಳಿಸಬಹುದಾದ ಅಪರಾಧ ಎಂದರೆ ನಂಬದವರೇ ಹೆಚ್ಚು. 'ನಾವೇನು ಕಾಡಿಗೆ ಹೋಗಿ ಬಲೆ ಹಾಕಿದ್ವಾ? ದುಡ್ಡು ಕೊಟ್ಟು ತಂದಿದ್ದು', 'ಮನೆಮಗುವಿನ ಥರ ನೋಡ್ಕೊಂಡಿದ್ದೀವಿ', 'ಹತ್ತು ವರ್ಷದಿಂದ ಇದೆ, ಯಾರೂ ಕೇಳಿಲ್ಲ' ಎನ್ನುವ ಮೂರು ಉತ್ತರ ಸಾಮಾನ್ಯವಾಗಿ ಕೇಳಿಬರುತ್ತವೆ. ಮೂರೂ ನಿಜವೇ ಇರಬಹುದು. ಆದರೆ ಕಾನೂನಿನ ಮುಂದೆ ಮೂರಕ್ಕೂ ಬೆಲೆಯಿಲ್ಲ. ಪ್ರೀತಿ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಇದು ಯಾವ ಜಾತಿಯ ಹಕ್ಕಿ, ಇದಕ್ಕೆ ಕಾಗದಪತ್ರ ಏನಿದೆ ಎಂಬ ಎರಡೇ ಪ್ರಶ್ನೆ ಅದರದ್ದು.

ನಮ್ಮ ಊರುಗಳಲ್ಲಿ ಪಂಜರ ಸೇರುವ ಗಿಳಿ ಬಹುಪಾಲು ಒಂದೇ ಜಾತಿಯದು. ಮೈಯೆಲ್ಲ ಹಸಿರು, ಕೊಕ್ಕು ಕೆಂಪು, ಬಾಲ ಉದ್ದ. ಬಲಿತ ಗಂಡಿಗೆ ಮಾತ್ರ ಕೊರಳ ಸುತ್ತ ಕಪ್ಪು ಮತ್ತು ಗುಲಾಬಿ ಪಟ್ಟಿ. ಇಂಗ್ಲಿಷಿನಲ್ಲಿ ರೋಸ್ ರಿಂಗ್ಡ್ ಪ್ಯಾರಕೀಟ್ ಎನ್ನುವ ಈ ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೇ ಅನುಸೂಚಿಗೆ ಏರಿದೆ. ಇದಕ್ಕಿಂತ ದಪ್ಪಗಿರುವ, ರೆಕ್ಕೆಯ ಮೇಲೆ ಕೆಂಪು ಮಚ್ಚೆಯಿರುವ ರಾಜಗಿಳಿಗೂ ರಕ್ಷಣೆಯಿದೆ. ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ಕಾಣದ ನೀಲಿ ರೆಕ್ಕೆಯ ಮಲಬಾರ್ ಗಿಳಿಯೂ ಸಾಕುವ ಹಕ್ಕಿಯಲ್ಲ.

ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೋವಿ ಹಿಡಿದು ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಗೂಡು ಕಿತ್ತು ಮೊಟ್ಟೆ ತೆಗೆಯುವುದೂ ಬೇಟೆಯೇ. ತೆಂಗಿನ ಮರದ ಪೊಟರೆಗೆ ಕೈಹಾಕಿ ಮರಿ ತೆಗೆದ ಹುಡುಗ ಈ ಲೆಕ್ಕದಲ್ಲಿ ಬೇಟೆಗಾರ. ಆ ಮರಿಯನ್ನು ಸಂತೆಯಲ್ಲಿ ಕೊಂಡವರು? ಅವರಿಗೆ 39ನೇ ಕಲಂ ಇದೆ. ಕಾನೂನು ಮೀರಿ ಹಿಡಿದ, ಇಟ್ಟುಕೊಂಡ ಅಥವಾ ಪಂಜರದಲ್ಲೇ ಮರಿ ಮಾಡಿಸಿದ ವನ್ಯಪ್ರಾಣಿ ರಾಜ್ಯ ಸರ್ಕಾರದ ಆಸ್ತಿ ಎನ್ನುತ್ತದೆ ಆ ಕಲಂ. ನೀವು ದುಡ್ಡು ಕೊಟ್ಟಿರಬಹುದು, ಹಕ್ಕಿ ಮಾತ್ರ ನಿಮ್ಮದಾಗಿಲ್ಲ. ಸರ್ಕಾರದ ಆಸ್ತಿಯನ್ನು ಲಿಖಿತ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ಉಡುಗೊರೆಯಾಗಿಯೂ ಕೊಡುವಂತಿಲ್ಲ. 'ನಮಗೆ ಬೇಡ, ಅಕ್ಕನ ಮನೆಗೆ ಕೊಟ್ಟುಬಿಡೋಣ' ಎಂದರೆ ತೊಂದರೆಗೆ ಅಕ್ಕನನ್ನೂ ಪಾಲುದಾರಳಾಗಿ ಮಾಡಿದಂತೆ.

ಶಿಕ್ಷೆ 51ನೇ ಕಲಮಿನಲ್ಲಿದೆ. ಎರಡನೇ ಅನುಸೂಚಿಯ ಜೀವಿಗಳ ವಿಷಯದಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಿದ್ದುಪಡಿಗೆ ಮುಂಚೆ ದಂಡದ ಮಿತಿ 25 ಸಾವಿರವಿತ್ತು. 54ನೇ ಕಲಮಿನಡಿ ಅಧಿಕಾರ ಪಡೆದ ಅಧಿಕಾರಿ ಹಣ ಕಟ್ಟಿಸಿಕೊಂಡು ಪ್ರಕರಣವನ್ನು ರಾಜಿಯಲ್ಲಿ ಮುಗಿಸಬಹುದು. ಆದರೆ ಅದು ಅಧಿಕಾರಿಯ ವಿವೇಚನೆ, ಆರೋಪಿಯ ಹಕ್ಕಲ್ಲ. ಆ ಮೊತ್ತದ ಮಿತಿಯೂ ಈಗ 5 ಲಕ್ಷಕ್ಕೆ ಏರಿದೆ. ಹಾಗೆ ಕಟ್ಟಿದ್ದಕ್ಕೆ ರಸೀದಿ ಇರಲೇಬೇಕು. ರಸೀದಿಯಿಲ್ಲದೆ ಕೈಬದಲಾದ ಹಣಕ್ಕೆ ರಾಜಿ ಎನ್ನುವುದಿಲ್ಲ, ಅದಕ್ಕೆ ಬೇರೆ ಹೆಸರಿದೆ.

ಈಗಿನ ದೊಡ್ಡ ಗೊಂದಲ ಬಣ್ಣದ್ದು. ಹಕ್ಕಿ ಸಾಕುವವರ ವಲಯದಲ್ಲಿ 'ರಿಂಗ್‌ನೆಕ್' ಎಂದು ಕರೆಯುವ ನೀಲಿ, ಹಳದಿ, ಬೂದು ಗಿಳಿಗಳು ದುಬಾರಿ ಬೆಲೆಗೆ ಕೈಬದಲಾಗುತ್ತವೆ. 'ಇದು ಫಾರ್ಮಿನಲ್ಲಿ ಹುಟ್ಟಿದ್ದು ಸಾರ್, ಕಾಡಿನದಲ್ಲ, ಕಾನೂನು ತೊಂದರೆ ಇಲ್ಲ' ಎಂಬ ಭರವಸೆಯೂ ಜೊತೆಗೆ ಸಿಗುತ್ತದೆ. ಬಣ್ಣ ಬೇರೆಯಾದರೂ ಜಾತಿ ಅದೇ. ಕಾಯ್ದೆಯ ಅನುಸೂಚಿಯಲ್ಲಿರುವುದು ಜಾತಿಯ ಹೆಸರು, ಬಣ್ಣದ ಮಾತೇ ಅಲ್ಲಿಲ್ಲ. ಇನ್ನು ಫಾರ್ಮಿನ ವಾದ. 'ಸೆರೆಯಲ್ಲಿರುವ ಪ್ರಾಣಿ' ಎಂದರೆ ಹಿಡಿದದ್ದು, ಇಟ್ಟುಕೊಂಡದ್ದು ಅಥವಾ ಸೆರೆಯಲ್ಲೇ ಹುಟ್ಟಿಸಿದ್ದು ಎಂದು ಕಾಯ್ದೆಯ 2ನೇ ಕಲಂ ಬಿಡಿಸಿ ಹೇಳಿದೆ. ಅಂದಮೇಲೆ ಪಂಜರದಲ್ಲಿ ಹುಟ್ಟಿತೆಂಬ ಕಾರಣಕ್ಕೆ ವಿನಾಯಿತಿ ಇಲ್ಲ. ತಳಿಯ ಮೂಲ ಹೊರದೇಶದ್ದು ಎಂದು ವಾದಿಸಬಹುದು. ಆದರೆ 57ನೇ ಕಲಮಿನ ಪ್ರಕಾರ ಹಕ್ಕಿ ಯಾರ ವಶದಲ್ಲಿದೆಯೋ ಅವರ ವಶ ಅಕ್ರಮ ಎಂದೇ ಮೊದಲು ಊಹಿಸಲಾಗುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದೇ. ಮಾರಿದವನ ಫೋನು ಅಷ್ಟು ಹೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ.

ಹಾಗಾದರೆ ಮಾತಾಡುವ ಪುಟ್ಟ ಗಿಳಿಯನ್ನು ಸಾಕುವ ಆಸೆಯೇ ತಪ್ಪೇ? ಹಾಗೇನಿಲ್ಲ. ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಅಂಗೈಯಗಲದ ಹಕ್ಕಿಗಳಲ್ಲಿ ಹೆಚ್ಚಿನವು ಬಜರಿಗಾರ್. ಆಸ್ಟ್ರೇಲಿಯಾ ಮೂಲದ ಇದು ಗಿಳಿ ಕುಟುಂಬದ್ದೇ. ಮಾತಿನಲ್ಲಿ ನಮ್ಮ ಹಸಿರು ಗಿಳಿಗೇನೂ ಕಡಿಮೆಯಲ್ಲ. 1,728 ಪದ ಬಲ್ಲದ್ದೆಂದು ಗಿನ್ನೆಸ್ ದಾಖಲೆಗೆ ಸೇರಿದ ಅಮೆರಿಕದ 'ಪಕ್' ಎಂಬ ಹಕ್ಕಿ ಬಜರಿಗಾರೇ ಆಗಿತ್ತು. ಗಂಡು ಹಕ್ಕಿ, ಅದರಲ್ಲೂ ಒಂಟಿಯಾಗಿ ಮನುಷ್ಯರ ಜೊತೆ ಬೆಳೆದದ್ದು, ಮಾತು ಬೇಗ ಕಲಿಯುತ್ತದೆ. ದನಿ ಮಾತ್ರ ಸಣ್ಣದು, ವೇಗ ಜಾಸ್ತಿ, ಹತ್ತಿರ ಹೋಗಿ ಕೇಳಬೇಕು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿ ಬಜರಿಗಾರ್ ಇಲ್ಲ. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಇಲ್ಲ, ಪೀಚ್ ಬಣ್ಣದ ಮುಖದ ಲವ್‌ಬರ್ಡ್ ಕೂಡ ಇಲ್ಲ. ಹೀಗಾಗಿ ಇವಕ್ಕೆ ನೋಂದಣಿಯ ತಾಪತ್ರಯವಿಲ್ಲ. ತಮಾಷೆಯೆಂದರೆ ನಮ್ಮ ಹಸಿರು ಗಿಳಿಯೂ ಆ ಅಂತರರಾಷ್ಟ್ರೀಯ ಪಟ್ಟಿಯ ನಿರ್ಬಂಧದಿಂದ ಹೊರಗಿದೆ. ಅದಕ್ಕೇ ಲಂಡನ್ನಿನಲ್ಲಿರುವ ಕನ್ನಡಿಗರ ಮನೆಯಲ್ಲಿ ಸಲೀಸಾಗಿ ಸಾಕುವ ಹಕ್ಕಿಯನ್ನು ಹಾಸನದಲ್ಲಿರುವ ಅವರ ಅಮ್ಮ ಸಾಕಿದರೆ ಅಪರಾಧ.

ಆಫ್ರಿಕದ ಬೂದು ಗಿಳಿ, ಸನ್ ಕನೂರ್, ಮಾಂಕ್ ಪ್ಯಾರಕೀಟ್, ಮಕಾವ್, ಕಾಕಟೂ ಮುಂತಾದವು ಸೈಟ್ಸ್ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಈ ಪಟ್ಟಿಯನ್ನೇ ನಮ್ಮ ಕಾಯ್ದೆಯ ಹೊಸ ನಾಲ್ಕನೇ ಅನುಸೂಚಿಯಾಗಿ ಸೇರಿಸಿಕೊಂಡಿತು. ಇವನ್ನು ಸಾಕಬಹುದು, ಆದರೆ ಕಡ್ಡಾಯವಾಗಿ ನೋಂದಾಯಿಸಬೇಕು. ಇದಕ್ಕಾಗಿ 2024ರ ಫೆಬ್ರುವರಿ ಕೊನೆಯಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಆಗಲೇ ಹಕ್ಕಿ ಇದ್ದವರಿಗೆ ಆರು ತಿಂಗಳ ಕಾಲಾವಕಾಶವಿತ್ತು, ಅದು ಆ ವರ್ಷದ ಆಗಸ್ಟಿಗೇ ಮುಗಿದಿದೆ. ಈಗ ಹೊಸದಾಗಿ ಹಕ್ಕಿ ತಂದವರು 30 ದಿನದೊಳಗೆ 'ಪರಿವೇಶ್ 2.0' ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಶುಲ್ಕ 1,000 ರೂಪಾಯಿ, ವಾಪಸ್ ಬರುವುದಿಲ್ಲ. ಅರ್ಜಿ ಹೋಗುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ. ಹಕ್ಕಿ ಮರಿ ಮಾಡಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಬೂದು ಗಿಳಿ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. 2017ರಿಂದ ಅದು ಸೈಟ್ಸ್‌ನ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಮರಿ ಮಾಡಿಸಿ ಮಾರುವವರಿಗೆ ಪ್ರತ್ಯೇಕ ಪರವಾನಗಿ ಬೇಕು.

ಅಂಗಡಿಯಲ್ಲಿ ಏನು ಕೇಳಬೇಕು? ಮೊದಲು, ಸಾಕುಪ್ರಾಣಿ ಅಂಗಡಿಗಳ 2018ರ ನಿಯಮದಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿ ನೋಂದಣಿಯಾಗಿದೆಯೇ ಎಂದು. ಆಮೇಲೆ ಹಕ್ಕಿಯ ಹೆಸರು ಬರೆದ ಬಿಲ್ಲು. 'ಬರ್ಡ್ – 1' ಎಂದು ಬರೆದ ಚೀಟಿ ಬಿಲ್ಲಲ್ಲ. ನಾಲ್ಕನೇ ಅನುಸೂಚಿಯ ಹಕ್ಕಿಯಾದರೆ ಮಾರುವವರ ನೋಂದಣಿ ಪ್ರಮಾಣಪತ್ರದ ಪ್ರತಿಯೂ ಬೇಕು. ಹಕ್ಕಿಯ ಕಾಲಿನಲ್ಲಿ ಬೆಸುಗೆಯಿಲ್ಲದ ಬಳೆ ಇದ್ದರೆ ಒಳ್ಳೆಯ ಗುರುತು, ಏಕೆಂದರೆ ಮರಿಯ ಪಾದ ಇನ್ನೂ ಮೆತ್ತಗಿರುವ ಮೊದಲ ಕೆಲವು ದಿನಗಳಲ್ಲಿ ಮಾತ್ರ ಅದನ್ನು ತೊಡಿಸಲು ಸಾಧ್ಯ. ಆದರೆ ಆ ಬಳೆಯೇ ನೋಂದಣಿ ಎಂದು ನಂಬಿಸಿದರೆ ನಂಬಬೇಡಿ.

ಕಾನೂನುಬದ್ಧ ಹಕ್ಕಿಯನ್ನೂ ಹೇಗೆ ಬೇಕೋ ಹಾಗೆ ಇಡುವಂತಿಲ್ಲ. ಅಲುಗಾಡಲು ಆಗದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿಯನ್ನು ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಕ್ರೌರ್ಯ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಆ ಕಾಲದ ದರ ಇನ್ನೂ ಹಾಗೇ ಇದೆ. ಪಂಜರದ ಹಕ್ಕಿಗೆ ಅದಕ್ಕಿಂತ ಹೆಚ್ಚಿನ ಗೌರವ ಕೊಟ್ಟದ್ದು ನ್ಯಾಯಾಲಯ. ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಮೂಲಭೂತ ಹಕ್ಕಿದೆ, ಅವನ್ನು ಪಂಜರದಲ್ಲಿಟ್ಟು ವ್ಯಾಪಾರ ಮಾಡುವ ಹಕ್ಕು ಮನುಷ್ಯರಿಗಿಲ್ಲ ಎಂದು ದೆಹಲಿ ಹೈಕೋರ್ಟ್ 2015ರಲ್ಲಿ ಹೇಳಿತು.

ಇನ್ನು ಮನೆಯಲ್ಲಿ ಈಗಾಗಲೇ ಹಸಿರು ಗಿಳಿ ಇರುವವರ ವಿಷಯ. ಈ ಲೇಖನ ಓದಿ ಗಾಬರಿಯಾಗಿ ಪಂಜರದ ಬಾಗಿಲು ತೆಗೆದು 'ಹೋಗಪ್ಪ' ಎನ್ನಬೇಡಿ. ವರ್ಷಗಟ್ಟಲೆ ಹಾರದ ಹಕ್ಕಿಯ ರೆಕ್ಕೆಯಲ್ಲಿ ಕಸುವಿರುವುದಿಲ್ಲ. ಎಷ್ಟೋ ಗಿಳಿಗಳ ರೆಕ್ಕೆಯ ಗರಿಗಳನ್ನು ಕತ್ತರಿಸಿಯೇ ಮಾರಿರುತ್ತಾರೆ. ಬಾಳೆಹಣ್ಣು, ಮೆಣಸಿನಕಾಯಿ ತಟ್ಟೆಗೆ ಬರುತ್ತಿದ್ದ ಹಕ್ಕಿಗೆ ಮೇವು ಹುಡುಕಲು ಗೊತ್ತಿಲ್ಲ, ಬೆಕ್ಕು ಕಂಡರೆ ಹೆದರಬೇಕೆಂದೂ ಗೊತ್ತಿಲ್ಲ. ಎದುರುಮನೆಯ ತಾರಸಿಯ ಮೇಲೆ ಕಾಗೆಗಳು ಮುತ್ತಿಕೊಂಡರೆ ಕತೆ ಅಲ್ಲಿಗೇ ಮುಗಿಯಿತು. ಸರ್ಕಾರದ ಆಸ್ತಿಯನ್ನು ಹಾಗೆ ಕಳೆಯುವುದಕ್ಕೂ ಕಾನೂನಿನಲ್ಲಿ ಅವಕಾಶವಿಲ್ಲ.

ಸರಿಯಾದ ದಾರಿ ಅರಣ್ಯ ಇಲಾಖೆಗೆ ಒಪ್ಪಿಸುವುದು. ಕರ್ನಾಟಕದಲ್ಲಿ ಇಲಾಖೆಯ ಸಹಾಯವಾಣಿ 1926. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ, ಅಂದರೆ ಜನ 'ರೇಂಜ್ ಆಫೀಸು' ಎನ್ನುವಲ್ಲಿಗೆ, ನೇರ ಹೋಗಲೂಬಹುದು. ಮೊದಲು ಫೋನು ಮಾಡಿ, ಹಕ್ಕಿಯನ್ನು ಹೇಗೆ ತರಬೇಕು ಎಂದು ಕೇಳಿ. ಕೈಯಲ್ಲಿ ಎರಡು ಪ್ರತಿ ಪತ್ರ ಇರಲಿ. ಒಕ್ಕಣೆ ಹೀಗಿದ್ದರೆ ಸಾಕು: 'ಮಾನ್ಯರೆ, ಒಂದು ಹಸಿರು ಗಿಳಿ ಇಂಥ ತಿಂಗಳಿನಿಂದ ನಮ್ಮ ಮನೆಯಲ್ಲಿದೆ. ಇದನ್ನು ಸಾಕುವುದು ಕಾನೂನುಬಾಹಿರ ಎಂದು ತಿಳಿದುಬಂದ ಕಾರಣ ಸ್ವಇಚ್ಛೆಯಿಂದ ತಮ್ಮ ವಶಕ್ಕೆ ಒಪ್ಪಿಸುತ್ತಿದ್ದೇನೆ. ಹಕ್ಕಿಗೆ ಗಾಯವಿಲ್ಲ, ರೆಕ್ಕೆಯ ಗರಿ ಕತ್ತರಿಸಿದೆ. ಸ್ವೀಕೃತಿ ನೀಡಬೇಕಾಗಿ ಕೋರಿಕೆ.' ಒಂದು ಪ್ರತಿಯ ಮೇಲೆ ಸಹಿ, ಮೊಹರು, ತಾರೀಖು ಹಾಕಿಸಿಕೊಂಡೇ ಮನೆಗೆ ಬನ್ನಿ. ಒಪ್ಪಿಸುವ ಮುಂಚೆ ಹಕ್ಕಿಯ ಫೋಟೊ ತೆಗೆದಿಡಿ.

'ಒಪ್ಪಿಸಲು ಹೋದರೆ ನಮ್ಮ ಮೇಲೇ ಕೇಸು ಹಾಕಿದರೆ?' ನ್ಯಾಯವಾದ ಭಯ. ಹಿಂದೆಯೇ ಮಾಲೀಕತ್ವದ ಪ್ರಮಾಣಪತ್ರ ಪಡೆದಿದ್ದವರು ಸ್ವಇಚ್ಛೆಯಿಂದ ಪ್ರಾಣಿಯನ್ನು ಒಪ್ಪಿಸಲು 2022ರ ತಿದ್ದುಪಡಿ 42ಎ ಕಲಂ ತಂದಿದೆ. ಪ್ರಮಾಣಪತ್ರವಿಲ್ಲದ ಸಾಮಾನ್ಯ ಮನೆಯವರಿಗೆ ಅಂಥ ಅಭಯವನ್ನು ಕಾಯ್ದೆ ಬರೆದುಕೊಟ್ಟಿಲ್ಲ. ಇದು ಕಾಯ್ದೆಯ ಕೊರತೆ ಎಂದೇ ನನ್ನ ಅಭಿಪ್ರಾಯ. ತಿಳಿಯದೆ ಸಾಕಿದವರು ಬಚ್ಚಿಡುವುದಕ್ಕೆ ಇದೇ ಕಾರಣ. ಆದರೂ ತಾನಾಗಿ ತಂದುಕೊಟ್ಟವರ ಕೈಯಲ್ಲಿ ಆ ಸ್ವೀಕೃತಿ ಇರುತ್ತದೆ, ದಾಳಿಯಲ್ಲಿ ಸಿಕ್ಕಿಬಿದ್ದವರ ಬಳಿ ತೋರಿಸಲು ಅಷ್ಟೂ ಇರುವುದಿಲ್ಲ. ಗೂಡಿನಿಂದ ಬಿದ್ದ ಮರಿ, ಗಾಯಗೊಂಡ ಗಿಳಿ ಸಿಕ್ಕಿದ್ದರಂತೂ ದಾರಿ ಸಲೀಸು. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಗಾಳಿಗೆ ತೂತು ಮಾಡಿ ಕತ್ತಲಲ್ಲಿಡಿ. 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಿ.

ಒಂದು ವೇಳೆ ತಪಾಸಣೆಗೆ ಬಂದರೆ? 50ನೇ ಕಲಮಿನಡಿ ಅರಣ್ಯಾಧಿಕಾರಿಗಳಿಗೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೂ ಆ ಅಧಿಕಾರವಿದೆ, ಆದರೆ ಸಕಾರಣ ಇರಬೇಕು. ಗುರುತಿನ ಚೀಟಿ ಕೇಳಿ, ಯಾರೂ ತಪ್ಪೆನ್ನುವುದಿಲ್ಲ. ಮಹಜರಿನಲ್ಲಿ ಬರೆದದ್ದನ್ನು ಪೂರ್ತಿ ಓದಿ ಅಥವಾ ಓದಿಸಿ ಕೇಳಿ, ಹಕ್ಕಿಯ ಸಂಖ್ಯೆ ಮತ್ತು ಸ್ಥಿತಿ ಸರಿಯಿದೆಯೇ ನೋಡಿ, ಆಮೇಲೆ ಸಹಿ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಮೇಲ್ಪಟ್ಟವರು ಆರೋಪಿಯ ಸಮ್ಮುಖದಲ್ಲಿ ದಾಖಲಿಸುವ ಸಾಕ್ಷ್ಯ ಮುಂದೆ ಕೋರ್ಟಿನಲ್ಲೂ ನಿಲ್ಲುತ್ತದೆ, ಹಾಗಾಗಿ ಇದು ಬರಿಯ ಕಾಗದ ತುಂಬುವ ಕೆಲಸ ಎಂದುಕೊಳ್ಳಬೇಡಿ. ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ.

ಗಿಳಿಶಾಸ್ತ್ರ ಹೇಳುವವರಿಗೂ ಇದೇ ಕಾನೂನು. 2024ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಅಭ್ಯರ್ಥಿಯೊಬ್ಬರು ಗೆಲ್ಲುತ್ತಾರೆಂದು ಗಿಳಿಯಿಂದ ಶಕುನ ಹೇಳಿಸಿದ ವಿಡಿಯೊ ಹರಿದಾಡಿ, ಅರಣ್ಯ ಇಲಾಖೆ ಗಿಳಿಗಳನ್ನು ಜಪ್ತಿ ಮಾಡಿತ್ತು. ಮರದಡಿ ಕೂತ ಬಡ ಶಾಸ್ತ್ರದವನು ಕಣ್ಣಿಗೆ ಬೀಳುತ್ತಾನೆ. ಗೂಡು ಸೂರೆ ಮಾಡಿ ಡಜನ್‌ಗಟ್ಟಲೆ ಮರಿ ಸಾಗಿಸುವವನು, ವಾಟ್ಸ್ಆ್ಯಪ್ ಗುಂಪಿನಲ್ಲಿ ಬುಕಿಂಗ್ ತೆಗೆದುಕೊಳ್ಳುವವನು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಅಂಥ ಮಾರಾಟ ಕಂಡರೆ ಜಾಹೀರಾತಿನ ಸ್ಕ್ರೀನ್‌ಶಾಟ್, ಜಾಗ, ಸಮಯ ಬರೆದುಕೊಂಡು 1926ಕ್ಕೋ 112ಕ್ಕೋ ತಿಳಿಸಿ. ಹಕ್ಕಿಯನ್ನು 'ಬಿಡಿಸಲೆಂದು' ದುಡ್ಡು ಕೊಟ್ಟು ಕೊಳ್ಳಬೇಡಿ, ಖಾಲಿಯಾದ ಪಂಜರಕ್ಕೆ ನಾಳೆ ಇನ್ನೊಂದು ಮರಿ ಬರುತ್ತದೆ. ಇಲಾಖೆ ಕ್ರಮ ಕೈಗೊಳ್ಳದಿದ್ದರೆ 55ನೇ ಕಲಮಿನ ಪ್ರಕಾರ 60 ದಿನಗಳ ನೋಟಿಸು ಕೊಟ್ಟು ಯಾವ ನಾಗರಿಕರು ಬೇಕಾದರೂ ನೇರ ನ್ಯಾಯಾಲಯಕ್ಕೆ ದೂರು ಕೊಡಬಹುದು.

ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು, ಅದರ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಆದಾಯದ ಆಧಾರದ ಮೇಲೆ ನೆರವು ಕೇಳುವವರು ಆದಾಯ ಪ್ರಮಾಣಪತ್ರ ಜೊತೆಗೆ ಒಯ್ಯಬೇಕು.