ಎರಡು ನಮಾಝ್, ಒಂದೇ ಹೊತ್ತು: ಬೆಂಗಳೂರಿನ ಅಳಿಯನಿಗೆ

ಪ್ರೀತಿಯ ಅಳಿಯಾ,

ನೀನು ಫೋನಿನಲ್ಲಿ ಕೇಳಿದ್ದು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೇ ಬರೆಯಲು ಕೂತೆ. ಊರಿಗೆ ಬರುವ ದಾರಿಯಲ್ಲಿ ನೀನು ಝುಹರ್, ಅಸರ್ ಎರಡನ್ನೂ ಒಂದೇ ಹೊತ್ತಿಗೆ ಸೇರಿಸಿ ಜಂಉ ಮಾಡಿದ್ದನ್ನು ಕಂಡು ರೂಮಿನ ಕಲಬುರಗಿಯ ಗೆಳೆಯ ‘ಹಾಗೆ ನಮಾಝ್ ಆಗುವುದಿಲ್ಲ’ ಅಂದನಂತೆ. ನಿನಗೆ ಅಳುಕು ಹುಟ್ಟಿದೆ. ಅದೇ ಉಸಿರಿನಲ್ಲಿ, ಮೀಟಿಂಗ್ ಇರುವ ದಿನ ಆಫೀಸಿನಲ್ಲೂ ಎರಡನ್ನು ಸೇರಿಸಿ ಮುಗಿಸಬಹುದಾ ಎಂದೂ ಕೇಳಿದೆ. ನನಗೆ ಕಂಡಂತೆ, ಅಳುಕಬೇಕಾಗಿದ್ದು ಎರಡನೆಯದಕ್ಕೆ.

ಗೆಳೆಯನ ಮೇಲೆ ಬೇಸರ ಬೇಡ. ಅವನು ಹನಫಿ. ಆ ಮದ್‌ಹಬ್‌ನಲ್ಲಿ ನಿಜವಾದ ಜಂಉ ಇರುವುದು ಹಜ್ಜ್‌ನಲ್ಲಿ ಮಾತ್ರ: ದುಲ್‌ಹಜ್ಜ್ 9ರಂದು ಅರಫಾದಲ್ಲಿ ಝುಹರ್-ಅಸರ್, ಆ ರಾತ್ರಿ ಮುಝ್ದಲಿಫಾದಲ್ಲಿ ಮಗ್ರಿಬ್-ಇಶಾ. ಬೇರೆ ಪ್ರಯಾಣಗಳಲ್ಲಿ ಅವರು ಝುಹರನ್ನು ಅದರ ಸಮಯದ ಕೊನೆಗೆ, ಅಸರನ್ನು ಅದರ ಆರಂಭಕ್ಕೆ ಒತ್ತಿಕೊಂಡು ನಿರ್ವಹಿಸುತ್ತಾರೆ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಬಹುತೇಕ ಶಾಫಿಈಗಳು. ಪ್ರಯಾಣದಲ್ಲಿ ಜಂಉ ಮಾಡಲು ನಮಗೆ ಅನುಮತಿಯಿದೆ. ತಬೂಕ್ ಯಾತ್ರೆಯಲ್ಲಿ ಪ್ರವಾದಿಯವರು(ಸ) ಹೀಗೆ ನಮಾಝ್ ಮಾಡಿದ್ದನ್ನು ಮುಆದ್ ಬಿನ್ ಜಬಲ್(ರ) ವರದಿ ಮಾಡಿದ್ದಾರೆ. ಸೂರ್ಯ ನೆತ್ತಿಯಿಂದ ಸರಿಯುವ ಮೊದಲೇ ಹೊರಟರೆ ಝುಹರನ್ನು ಅಸರ್‌ವರೆಗೆ ತಡಮಾಡುತ್ತಿದ್ದರೆಂದು ಅನಸ್(ರ) ಹೇಳಿದ್ದಾರೆ. ನೀನೂ ಗೆಳೆಯನೂ ನಿಮ್ಮ ನಿಮ್ಮ ಇಮಾಮರ ದಾರಿಯಲ್ಲೇ ಇದ್ದೀರಿ. ನಿಮ್ಮ ಆಫೀಸಿನಲ್ಲಿರುವ ಅಲಿಪುರದ ಹುಡುಗ ದಿನವೂ ಸೇರಿಸಿಯೇ ಮಾಡುತ್ತಾನೆ ಅಂದೆಯಲ್ಲ, ಅವನ ಶಿಯಾ ಜಾಫರಿ ಫಿಕ್ಹ್‌ನಲ್ಲಿ ಅದಕ್ಕೂ ಅವಕಾಶವಿದೆ. ಯಾರ ನಮಾಝನ್ನೂ ತಕ್ಕಡಿಗೆ ಹಾಕಲು ಹೋಗಬೇಡ.

ಆದರೆ ನಿನ್ನ ಮದ್‌ಹಬ್‌ನ ಶರತ್ತುಗಳನ್ನು ಸರಿಯಾಗಿ ತಿಳಿದುಕೊ. ದೂರ ಸುಮಾರು 81 ಕಿಲೋಮೀಟರ್ ದಾಟಬೇಕು. ಬೆಂಗಳೂರಿನಿಂದ ಮಂಗಳೂರಿಗೆ 350ರಷ್ಟಿದೆ, ಆ ಚಿಂತೆಯಿಲ್ಲ. ಎಡವುವುದು ಬೇರೆಡೆ. ಬ್ಯಾಗು ಕಟ್ಟಿ ರೂಮಿನಲ್ಲೇ ಎರಡನ್ನೂ ಮುಗಿಸಿ ಹೊರಡುವವರಿದ್ದಾರೆ. ಅದು ಆಗದು, ಊರಿನ ಗಡಿ ದಾಟಿದ ಮೇಲೆಯೇ ನೀನು ಪ್ರಯಾಣಿಕ. ಮಧ್ಯಾಹ್ನ ಒಂದು ಗಂಟೆಯ ಬಸ್ಸಾದರೆ, ರೂಮಿನಲ್ಲಿ ಝುಹರ್ ಪೂರ್ತಿ ನಾಲ್ಕು ರಕಅತ್ ಮಾಡಿ ಹೊರಡು, ಅಸರನ್ನು ದಾರಿಯಲ್ಲಿ ಎರಡಕ್ಕೆ ಮೊಟಕುಗೊಳಿಸಿ ಖಸ್ರ್ ಮಾಡು. ಅದಾಗದೆ ಬಸ್ಸು ಹತ್ತಿದೆಯೋ, ಝುಹರ್ ಸಮಯ ಮುಗಿಯುವುದರೊಳಗೆ ‘ಇದನ್ನು ಅಸರ್ ಜೊತೆ ಮಾಡುತ್ತೇನೆ’ ಎಂಬ ನಿಯ್ಯತ್ ಮನಸ್ಸಿನಲ್ಲಿರಲಿ. ನಿಯ್ಯತ್ ಇಲ್ಲದೆ ನಿದ್ದೆಗೆ ಜಾರಿದರೆ ಅದು ಜಂಉ ಅಲ್ಲ, ಸಮಯ ಮೀರಿದ ಖಝಾ. ಹಾಸನದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಮೊದಲು ವುಝೂ, ಆಮೇಲೆ ಚಹಾ. ಎರಡು ರಕಅತ್ ಝುಹರ್, ಎರಡು ರಕಅತ್ ಅಸರ್, ಹತ್ತು ನಿಮಿಷ ಸಾಕು. ಪಕ್ಕದಲ್ಲಿ ಊರಿನವರ ಜಮಾಅತ್ ನಡೆಯುತ್ತಿದ್ದು ಅದಕ್ಕೆ ಸೇರಿಕೊಂಡೆಯಾದರೆ ಖಸ್ರ್ ಇಲ್ಲ, ಇಮಾಮರ ಹಿಂದೆ ನಾಲ್ಕೂ ಪೂರ್ತಿ. ಮಗ್ರಿಬ್ ಎಲ್ಲಿದ್ದರೂ ಮೂರೇ.

ಹಿಂದಿನದನ್ನು ಮುಂದಕ್ಕೆ ತಳ್ಳುವ ಬದಲು ಮುಂದಿನದನ್ನು ಮೊದಲೇ ಮಾಡುವುದಾದರೆ ಕ್ರಮ ತಪ್ಪಬಾರದು: ಮೊದಲು ಝುಹರ್, ಅದು ಮುಗಿಯುವ ಮೊದಲೇ ಜಂಉವಿನ ನಿಯ್ಯತ್, ನಡುವೆ ಹರಟೆಗೆ ಕೂರದೆ ಬೆನ್ನಿಗೇ ಅಸರ್. ಮತ್ತೆ, ಸುಬುಹಿಗೆ ಯಾವ ಜೋಡಿಯೂ ಇಲ್ಲ. ರಾತ್ರಿ ಬಸ್ಸಿನವರು ಕಳೆದುಕೊಳ್ಳುವುದೇ ಅದನ್ನು. ಬೆಳಕು ಹರಿಯುವ ಹೊತ್ತಿಗೆ ನಿಲ್ಲಿಸಲು ಹತ್ತುವಾಗಲೇ ಡ್ರೈವರಿಗೆ ಒಂದು ಮಾತು ಹೇಳಿಡು.

ಇನ್ನು ಆಫೀಸು. ಭಯವೂ ಇಲ್ಲ, ಮಳೆಯೂ ಇಲ್ಲ, ಆದರೂ ಪ್ರವಾದಿಯವರು(ಸ) ಮದೀನಾದಲ್ಲೇ ಜಂಉ ಮಾಡಿದರೆಂಬ ಇಬ್ನು ಅಬ್ಬಾಸ್(ರ) ಅವರ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ, ನಿಜ. ಸಮುದಾಯಕ್ಕೆ ಕಷ್ಟವಾಗಬಾರದು ಎಂಬ ಕಾರಣವನ್ನೂ ಅವರೇ ಕೊಟ್ಟಿದ್ದಾರೆ. ಇದನ್ನು ಹಿಡಿದುಕೊಂಡು ಇಬ್ನು ಸೀರೀನ್, ಇಬ್ನುಲ್ ಮುಂದಿರ್‌ರಂಥವರು ಅಗತ್ಯವಿದ್ದಾಗ ಅನುಮತಿಸಿದ್ದಾರೆ, ಆದರೆ ರೂಢಿಯಾಗಬಾರದು ಎಂಬ ಗೆರೆ ಎಳೆದೇ ಬಿಟ್ಟಿದ್ದಾರೆ. ಆಪರೇಷನ್ ನಡುವೆ ಕೈಬಿಡಲಾಗದ ಡಾಕ್ಟರಿಗೆ ಅದು ಆಸರೆ. ನಿನ್ನ ಮೀಟಿಂಗ್ ಆ ಸಾಲಿಗೆ ಬರುವುದಿಲ್ಲ, ಮಗನೇ. ನಮಾಝ್‌ಗೆ ಸಮಯ ಗೊತ್ತುಪಡಿಸಿದ್ದು ಸೂರಃ ಅನ್ನಿಸಾದಲ್ಲಿ. ಕ್ಯಾಲೆಂಡರ್ ಆಹ್ವಾನ ಬಂದಾಗಲೆಲ್ಲ ಅದನ್ನು ಸರಿಸುತ್ತಾ ಹೋದರೆ ಆರು ತಿಂಗಳಲ್ಲಿ ಐದು ಹೊತ್ತು ಮೂರಾಗುತ್ತದೆ, ನಿನಗೆ ಗೊತ್ತೂ ಆಗುವುದಿಲ್ಲ. ಗೆಳೆಯನ ಮದ್‌ಹಬ್‌ನ ದಾರಿ ಇಲ್ಲಿ ನಿನಗೆ ಒದಗುತ್ತದೆ. ಬೆಂಗಳೂರಿನಲ್ಲಿ ಶಾಫಿಈ ಅಸರ್ ಆರಂಭವಾಗುವುದು ಮೂರೂವರೆಯ ಆಸುಪಾಸಿಗೆ. ಹನಫಿ ಮಸೀದಿಯ ಬಾಂಗ್ ತಡವಾಗಿ ಬರುತ್ತದೆ, ಅದಕ್ಕಾಗಿ ಕಾಯಬೇಕಿಲ್ಲ. ಸಮಯಪಟ್ಟಿ ನೋಡಿ ಝುಹರನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊ, ವುಝೂ ಇರುವಾಗಲೇ ಅಸರನ್ನೂ ಮಾಡು. ಎರಡೂ ತಮ್ಮ ತಮ್ಮ ಸಮಯದಲ್ಲೇ ಆದವು, ನಮ್ಮ ಮದ್‌ಹಬ್‌ನಲ್ಲಿ ಆಕ್ಷೇಪವಿಲ್ಲ.

ನಿಜವಾಗಿ ಈ ರಿಯಾಯಿತಿ ಸಲ್ಲಬೇಕಾದವರು ಮನೆಯಲ್ಲೇ ಇದ್ದಾರೆ. ಅಜ್ಜಿಯ ಡಯಾಲಿಸಿಸ್ ಈಗ ಸಂಜೆ ಐದರಿಂದ ಒಂಬತ್ತಕ್ಕೆ. ಕೈಯಲ್ಲಿ ಸೂಜಿ, ಎದುರಿಗೆ ಯಂತ್ರ. ಮಗ್ರಿಬ್ ಹೋಯಿತಲ್ಲ ಎಂದು ದಾರಿಯುದ್ದಕ್ಕೂ ಅಳುತ್ತಾರೆ. ಕಾಯಿಲೆಗೆ ಜಂಉ ಹಂಬಲಿಗಳಲ್ಲಿ ಸ್ಪಷ್ಟವಾಗಿ ಇದೆ. ನಮ್ಮವರೇ ಆದ ಇಮಾಮ್ ನವವಿ ಕೂಡ, ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯ ಬೇರೆಯಿದ್ದರೂ, ರೋಗಿಗೆ ಅನುಮತಿಸುವುದನ್ನೇ ಆಯ್ದುಕೊಂಡರು. ಮನೆಗೆ ಬಂದು ಇಶಾ ಜೊತೆ ಮಗ್ರಿಬ್ ಮಾಡಬಹುದೆಂದು ಉಸ್ತಾದರೂ ಹೇಳಿದ್ದಾರೆ. ನಾನು ಹೇಳಿದರೆ ಅವರು ನಂಬುತ್ತಿಲ್ಲ. ಮೊಮ್ಮಗನ ಮಾತು ಕೇಳುತ್ತಾರೆ. ಈ ಸಲ ಬಂದಾಗ ಪಕ್ಕದಲ್ಲಿ ಕೂತು ನಿಧಾನವಾಗಿ ತಿಳಿಸಿಹೇಳು.

ಇತಿ,
ನಿನ್ನ ಮಾವ