ಚೊಚ್ಚಲು ಒಂದೇ ಸಲ

ಮಗೂ, ನೀನು ಕಳಿಸಿದ ಕಥೆಗಳನ್ನು ಓದಿದೆ. ಎರಡು ನಿಜಕ್ಕೂ ಚೆನ್ನಾಗಿವೆ. ಮೂರನೆಯದು ನಿನಗೇ ಅರ್ಥವಾದಂತಿಲ್ಲ. ಆದರೆ ಅವುಗಳ ಜೊತೆಗೆ ಮುಖಪುಟದ ಚಿತ್ರ, ಬಿಡುಗಡೆಗೆ ಕರೆಯುವ ಅತಿಥಿಗಳ ಪಟ್ಟಿ ಎರಡನ್ನೂ ಕಳಿಸಿದ್ದೀಯಲ್ಲ, ನಿಮ್ಮಜ್ಜಿ ನೋಡಿ ನಕ್ಕಳು. ಕೂಸು ಹುಟ್ಟುವ ಮುಂಚೆ ಕುಲಾವಿ!

ದುಡ್ಡು ಕಟ್ಟಿದರೆ ತಿಂಗಳೊಪ್ಪತ್ತಿನಲ್ಲಿ ಪುಸ್ತಕ ಮಾಡಿಕೊಡುತ್ತೇನೆ ಅಂತ ಯಾರೋ ಹೇಳಿದ್ದಾರಂತೆ. ನನಗೂ ಒಬ್ಬರು ಹೇಳಿದ್ದರು. ನಿಮ್ಮಜ್ಜಿಯ ಬಳೆ ಅಡವಿಟ್ಟು ಸಾವಿರ ಪ್ರತಿ ಹಾಕಿಸಿದೆ. ಇನ್ನೂರು ಹಂಚಿದೆ, ನಲವತ್ತು ಮಾರಿದೆ. ಉಳಿದದ್ದನ್ನು ಮಂಚದ ಕೆಳಗೆ ಗೆದ್ದಲು ಓದಿ ಮುಗಿಸಿತು. ನನ್ನ ಪುಸ್ತಕವನ್ನು ಒಂದು ಪುಟವನ್ನೂ ಬಿಡದೆ ಓದಿದ್ದು ಅದೊಂದೇ! ಬಳೆ ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು.

ನಿನಗೆ ಬಳೆಗಿಂತ ದೊಡ್ಡ ನಷ್ಟವಿದೆ, ಕೇಳು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಛಂದ ಪುಸ್ತಕದವರು ಹೊಸಬರ ಕಥೆಗಳ ಹಸ್ತಪ್ರತಿಗೆ ಬಹುಮಾನ ಕೊಟ್ಟು, ತಾವೇ ಪ್ರಕಟಿಸುತ್ತ ಬಂದಿದ್ದಾರೆ. ಇಂಥಲ್ಲೆಲ್ಲ ಕೇಳುವುದು ಇನ್ನೂ ಪುಸ್ತಕವಾಗದ ಹಸ್ತಪ್ರತಿಯನ್ನು. ಆತುರಬಿದ್ದು ಅಚ್ಚು ಹಾಕಿಸಿದೆಯೋ, ಆ ಬಾಗಿಲುಗಳನ್ನು ನೀನೇ ಮುಚ್ಚಿಕೊಂಡಂತೆ. ಚೊಚ್ಚಲು ಒಂದೇ ಸಲ.

ಅರ್ಜಿ ಹಾಕುವ ಮುಂಚೆ ಪ್ರಕಟಣೆಯನ್ನು ಎರಡು ಸಲ ಓದು. ವಯಸ್ಸಿನ ಮಿತಿ, ಪುಟಗಳ ಲೆಕ್ಕ, ಕೊನೆಯ ದಿನಾಂಕ ಮೂರನ್ನೂ ಗೋಡೆಗೆ ಬರೆದು ಅಂಟಿಸು. ಒಳ್ಳೆಯ ಕಥೆ ಬರೆದವರೂ ಒಂದು ದಾಖಲೆ ಲಗತ್ತಿಸದೆ ಹೊರಗುಳಿದದ್ದನ್ನು ಕಂಡಿದ್ದೇನೆ. ವಯಸ್ಸು ಮೀರುತ್ತದೆ ಅನ್ನುವ ಗಾಬರಿಯೂ ಬೇಡ. ಸಾಹಿತ್ಯ ಅಕಾಡೆಮಿ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರ 35 ದಾಟದವರಿಗೆ. ಮೊತ್ತ 50,000 ರೂಪಾಯಿ. ನಿನಗಿನ್ನೂ 26.

ಪುಸ್ತಕವಾಗುವವರೆಗೆ ಪತ್ರಿಕೆಗಳಿಗೆ ಬರೆ. ಒಂದು ಕಥೆ, ಒಂದೇ ಪತ್ರಿಕೆ. ಇಬ್ಬರಿಗೂ ಕಳಿಸಿ ಇಬ್ಬರೂ ಹಾಕಿಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳುತ್ತೀ? ಮೂರು ದಿನಕ್ಕೊಮ್ಮೆ ಫೋನು ಮಾಡಿ ಸಂಪಾದಕರ ಪ್ರಾಣ ತಿನ್ನಬೇಡ. ಕಥೆ ವಾಪಸು ಬಂದರೆ ಅವರ ಊರು, ಜಾತಿ ಹುಡುಕುತ್ತ ಕೂರಬೇಡ. ನಿನ್ನ ಮೊದಲ ಪುಟ ತೆಗೆದು ನೋಡು.

ಇನ್ನು ದುಡ್ಡಿನ ಮಾತು. ಐಎಸ್‌ಬಿಎನ್ ಸಂಖ್ಯೆಗೆ ಇಷ್ಟು ಖರ್ಚಾಗುತ್ತದೆ ಅಂದವರನ್ನು ನಂಬಬೇಡ. ನಮ್ಮ ದೇಶದಲ್ಲಿ ಸರ್ಕಾರ ಅದನ್ನು ಪುಕ್ಕಟೆ ಕೊಡುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಹೋಗುತ್ತವೆ, ಸಂತೋಷ. ಆದರೆ ಆ ಹಣ ಎತ್ತಿನಗಾಡಿಯಲ್ಲಿ ಬರುತ್ತದೆ. ಅದನ್ನು ನೆಚ್ಚಿಕೊಂಡು ಸಾಲ ಮಾಡಬೇಡ. ಪ್ರಕಾಶಕರೊಡನೆ ಗೌರವಧನ ಎಷ್ಟು, ಯಾವಾಗ ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೋ. ಆಗ ಸಂಕೋಚಪಟ್ಟವನು ಆಮೇಲೆ ಜಗಳವಾಡುತ್ತಾನೆ.

ಪುಸ್ತಕ ಬಂದಮೇಲೆ ಮಾರಲು ನಾಚಬೇಡ. ಗಳಗನಾಥರಂಥ ಕಾದಂಬರಿಕಾರರೇ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದವರು. ನಿನ್ನ ಚೀಲದಲ್ಲಿ ನಾಲ್ಕು ಪ್ರತಿ ಇದ್ದರೆ ಹೆಗಲೇನೂ ಸವೆಯುವುದಿಲ್ಲ.

ಈಗ ಆ ಮೂರನೆಯ ಕಥೆ ತೆಗೆದುಕೊಂಡು ಕೂತುಕೋ. ಕುಲಾವಿಯ ಚಿಂತೆ ಬಿಡು, ನಿಮ್ಮಜ್ಜಿ ಹೊಲಿದುಕೊಡುತ್ತಾಳಂತೆ. ಬಳೆ ಮಾತ್ರ ಕೊಡುವುದಿಲ್ಲವಂತೆ.